ಕೆಂಪು ಕೊಳದ ಹಿಮ್ಮುಖ ಹರಿವು

ಅಗಸಿಹಾಳದ ವಿದ್ಯುತ್ ಘಟಕದಲ್ಲಿ ಮೂರನೆಯ ಕೊಳದ ಕರೆಂಟು ಸೊನ್ನೆಗಿಂತ ಕೆಳಗಿಳಿದದ್ದನ್ನು ಮೊದಲು ಕಂಡವಳು ದಾಕ್ಷಾಯಣಿ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕಂಟ್ರೋಲ್ ರೂಮಿನ ಕಿಟಕಿಯಾಚೆ ಐದೂ ಕೊಳಗಳು ಬೀಟ್‌ರೂಟ್ ಬೇಯಿಸಿದ ನೀರಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಬಿಸಿಲು ಏರಿದಷ್ಟೂ ಕರೆಂಟು ಏರಬೇಕು; ಐದು ವರ್ಷದಿಂದ ಹಾಗೆಯೇ ನಡೆದುಬಂದಿತ್ತು. ಇವತ್ತು ಮಾತ್ರ ಪರದೆಯ ಮೇಲೆ ಮೂರನೆಯ ಕೊಳದ ಅಂಕಿಯ ಮುಂದೆ ಒಂದು ಸಣ್ಣ ಅಡ್ಡಗೆರೆ ಬಂದು ಕೂತಿತ್ತು. ಮೈನಸ್ ನಾಲ್ಕು. ನೋಡನೋಡುತ್ತಿದ್ದಂತೆ ಮೈನಸ್ ಏಳು.

ಅವಳು ಪಕ್ಕದ ಕೋಣೆಯಲ್ಲಿದ್ದ ಘಟಕದ ಮುಖ್ಯಸ್ಥ ಸಾರವಾಡ ಅವರನ್ನು ಕೂಗಿದಳು.

"ಸರ್, ಮೂರನೇ ಕೊಳ ಕರೆಂಟ್ ಕೊಡವಲ್ದು. ನಮ್ಮ ಕಡೆಯಿಂದನ ಎಳಕೊಳ್ಳಾಕತ್ತೈತಿ."

ಸಾರವಾಡ ಬಂದು, ಕನ್ನಡಕ ಏರಿಸಿ, ಒಂದು ಗಳಿಗೆ ನೋಡಿದರು. ಆ ಸೆಕೆಯಲ್ಲೂ ಅವರು ತುಂಬುತೋಳಿನ ಅಂಗಿ ತೊಟ್ಟು ಮುಂಗೈ ಗುಂಡಿ ಹಾಕಿಕೊಂಡಿದ್ದರು.

"ಮೀಟರ್ ಕೆಟ್ಟಿರಬೇಕು ಬಿಡ್ರಿ ಮೇಡಂ. ನಾಳೆ ಬ್ಯಾರೇದು ಹಾಕಸೂಣು."

ಮೀಟರು ಕೆಟ್ಟಿರಲಿಲ್ಲ. ಅವಳು ಬೇರೆ ಮೀಟರು ತಂದು ಹಚ್ಚಿದಳು. ಅದೂ ಮೈನಸ್ ಏಳನ್ನೇ ತೋರಿಸಿತು.

ಅಗಸಿಹಾಳ ನೇಕಾರರ ಊರು. ಆರು ಸಾವಿರ ವಿದ್ಯುತ್ ಮಗ್ಗಗಳು, ನೂಲಿಗೆ ಬಣ್ಣ ಹಾಕುವ ನಾನ್ನೂರು ಮನೆಗಳು. ಮೊದಲೆಲ್ಲ ದಿನಕ್ಕೆ ಎಂಟು ತಾಸು ಕರೆಂಟು ಹೋಗುತ್ತಿತ್ತು. ನೂಲಿಗೆ ಹಚ್ಚಿದ ಗಂಜಿಯ ಹೊಲಸು ನೀರು ಹಳ್ಳಕ್ಕೆ ಹರಿದು ನಾರುತ್ತಿತ್ತು. ಆ ಹೊಲಸು ನೀರನ್ನೇ ಉಣಿಸಿ, ಬಿಸಿಲಿನಲ್ಲಿಟ್ಟು, ಕರೆಂಟು ಕೊಡುವ ಜೀವಿಯೊಂದನ್ನು ಸಾಕಿದರೆ ಹೇಗೆ? ಸಾರವಾಡರ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ದಾಕ್ಷಾಯಣಿ ತನ್ನ ಹರೆಯದ ಹತ್ತು ವರ್ಷಗಳನ್ನು ಕಳೆದಿದ್ದಳು.

ಅವರು ಆರಿಸಿಕೊಂಡದ್ದು ಕೆಸರಿನಲ್ಲಿ ಬಾಳುವ ಕೆನ್ನೇರಳೆ ಬಣ್ಣದ ಬ್ಯಾಕ್ಟೀರಿಯಾ. ಎಲೆಯಂತೆ ಅದೂ ಬೆಳಕನ್ನು ಹಿಡಿಯುತ್ತದೆ. ಬೆಳಕು ತಾಗಿದೊಡನೆ ಅದರೊಳಗಿನ ಒಂದು ಎಲೆಕ್ಟ್ರಾನು ಎದ್ದು ಹೊರಡುತ್ತದೆ. ಪೊರೆಯಲ್ಲಿ ತೇಲಾಡುವ ಕ್ವಿನೋನ್ ಎಂಬ ಕಣವೊಂದು ಅದನ್ನು ಹೊತ್ತು ಸೈಟೋಕ್ರೋಮ್ ಬಿ-ಸಿ-ಒಂದು ಎಂಬ ದೊಡ್ಡ ಪ್ರೋಟೀನ್ ಕೂಟಕ್ಕೆ ಒಪ್ಪಿಸುತ್ತದೆ. ಆ ಕೂಟ ಅದನ್ನು ಇನ್ನೊಂದು ಪುಟ್ಟ ಸೈಟೋಕ್ರೋಮಿಗೆ ದಾಟಿಸುತ್ತದೆ. ಅದು ಎಲೆಕ್ಟ್ರಾನನ್ನು ಹೊರಟ ಜಾಗಕ್ಕೇ ಮರಳಿಸುತ್ತದೆ. ಗಾಣದ ಎತ್ತಿನ ಹಾಗೆ ಎಲೆಕ್ಟ್ರಾನು ಸುತ್ತುತ್ತಲೇ ಇರುತ್ತದೆ; ಆ ಸುತ್ತಿನ ಬಲದಲ್ಲಿ ಜೀವಿ ಬದುಕುತ್ತದೆ. ಪ್ರತಿಯೊಂದು ಸೈಟೋಕ್ರೋಮಿನ ಒಡಲಲ್ಲೂ ಕಬ್ಬಿಣದ ಒಂದು ಪರಮಾಣು ಇದೆ. ಎಲೆಕ್ಟ್ರಾನು ಬಂದು ಕೂರುವುದು ಅದರ ಮೇಲೆ.

ದಾಕ್ಷಾಯಣಿ ಈ ಸುತ್ತಿಗೆ ಒಂದು ಬಾಗಿಲು ಇಟ್ಟಳು. ಸೈಟೋಕ್ರೋಮುಗಳ ಸಾಲೊಂದನ್ನು ಒಳಪೊರೆಯಿಂದ ಹೊರಮೈವರೆಗೆ ನಿಲ್ಲಿಸಿ, ಎಲೆಕ್ಟ್ರಾನು ಹೊರಗೆ ನಡೆದು ಕೊಳದೊಳಗಿನ ಲೋಹದ ಫಲಕ ಮುಟ್ಟುವಂತೆ ಮಾಡಿದಳು. ಕರೆಂಟೆಂದರೆ ಅದೇ. ಜೀವಿ ಕೊಳದಿಂದ ತಪ್ಪಿಸಿಕೊಂಡೀತೆಂದು ಅದಕ್ಕೆ ಉಸಿರಾಡಲು ಬೇಕಾದ ಕೊನೆಯ ಪ್ರೋಟೀನನ್ನು ಕಿತ್ತುಹಾಕಿದಳು. ಅಲ್ಲಿಂದ ಮುಂದೆ ಅದಕ್ಕೆ ಬೆಳಕೊಂದೇ ಗತಿ; ಕತ್ತಲಲ್ಲಿ ಸಾಯುತ್ತದೆ. ಸುರಕ್ಷತಾ ವರದಿಯಲ್ಲಿ ಅವಳೇ ಬರೆದಿದ್ದಳು: "ಮನುಷ್ಯ ದೇಹದೊಳಗೆ ಬೆಳಕಿಲ್ಲ. ಆದ್ದರಿಂದ ಈ ಜೀವಿಯಿಂದ ಮನುಷ್ಯರಿಗೆ ಅಪಾಯವಿಲ್ಲ."

ಊರಿಗೆ ಇಡೀ ದಿನ ಕರೆಂಟು ಬಂತು. ಕೊಳದಿಂದ ಸೋಸಿ ಬಿಟ್ಟ ನೀರನ್ನು ಪೈಪಿನಲ್ಲಿ ಬಣ್ಣದ ಮನೆಗಳಿಗೆ ಕೊಟ್ಟರು. ಜನ ಅದನ್ನು ಕೆಂಪು ಕೊಳ ಎಂದರು, ಹಬ್ಬಕ್ಕೆ ಮೀಟರಿಗೆ ಕುಂಕುಮ ಹಚ್ಚಿದರು.

ಆ ಸಂಜೆ ದಾಕ್ಷಾಯಣಿ ಮನೆಗೆ ಬಂದಾಗ ಅವಳ ಅತ್ತೆ ಶಾವಂತ್ರವ್ವ ಅಂಗಳದ ಕಟ್ಟೆಯ ಮೇಲೆ ಕುಳಿತು ತೆಂಗಿನ ನಾರಿನಿಂದ ಕೈ ಉಜ್ಜಿಕೊಳ್ಳುತ್ತಿದ್ದಳು. ಅರವತ್ತೆರಡರ ಗಟ್ಟಿ ಹೆಂಗಸು. ನಲವತ್ತು ವರ್ಷದಿಂದ ನೂಲಿನ ಲಡಿಗಳನ್ನು ಬಣ್ಣದ ಕಡಾಯಿಯಲ್ಲಿ ಅದ್ದಿ ಬಿಸಿಲಿಗೆ ಹರವಿದವಳು. ಒಳಗೆ ಮಗ ಚನಮಲ್ಲನ ನಾಲ್ಕು ಮಗ್ಗಗಳು ಸದ್ದು ಮಾಡುತ್ತಿದ್ದವು.

"ನೋಡವಾ ದಾಕ್ಷಾಣಿ, ಈ ಬಣ್ಣ ಹೋಗವಲ್ದು. ಮೂರು ದಿನಾತು ತಿಕ್ಕಾಕತ್ತು. ನಾ ಈ ವಾರ ಹಸರ ಬಣ್ಣ ಅಷ್ಟ ಹಾಕೀನಿ, ಕೈ ನೋಡಿದ್ರ ನೇರಳಿ ಹಣ್ಣ ಆಗ್ಯಾವು."

ದಾಕ್ಷಾಯಣಿ ಆ ಕೈ ಹಿಡಿದು ತಿರುಗಿಸಿದಳು. ಬಣ್ಣ ಚರ್ಮದ ಮೇಲಿರಲಿಲ್ಲ, ಒಳಗಿತ್ತು. ಮುಂಗೈಯಿಂದ ಮೊಣಕೈವರೆಗೆ, ನರಗಳ ಗುಂಟ, ಎಲೆಯ ಗೆರೆಗಳ ಹಾಗೆ ಸಣ್ಣಗೆ ಕವಲೊಡೆದು ಹೊರಟಿತ್ತು. ಬಿಸಿಲು ಬೀಳುವಲ್ಲಿ ಮಾತ್ರ. ದಪ್ಪ ಕುಪ್ಪಸದ ತೋಳಿನ ಅಂಚು ಬಂದ ಕಡೆ ಗೆರೆಗಳು ಕತ್ತರಿಸಿದಂತೆ ನಿಂತಿದ್ದವು. ಅವಳು ಅತ್ತೆಯ ಮುಖ ನೋಡಿದಳು. ತುಟಿಗಳು ಸೀಸದ ಬಣ್ಣಕ್ಕೆ ತಿರುಗಿದ್ದವು.

"ದಣಿವು ಆಗತೈತೇನ್ರಿ ಅತ್ತಿ?"

"ಮಧ್ಯಾಹ್ನದಾಗ ಉಸರ ಹತ್ತತೈತಿ. ಹೊತ್ತ ಇಳಿದ ಮ್ಯಾಲ ಬರೋಬರಿ ಆಗತೀನಿ. ಬಿಸಲಿಗೆ ಬಿಡು."

ದಾಕ್ಷಾಯಣಿ ಒಳಗೆ ಹೋಗಿ ಊಟಕ್ಕೆ ಬಡಿಸಿದಳು, ತಾನು ತುತ್ತು ನುಂಗಲಾರದೆ ಎದ್ದಳು.

ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಜುಬೇದಾ ಮುಲ್ಲಾ ಫೋನ್ ಮಾಡಿದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು; ಜುಬೇದಾ ಸುಮ್ಮನೆ ಗಾಬರಿಯಾಗುವ ಹೆಣ್ಣಲ್ಲ. ಇವತ್ತು ಅವಳು ಕುಶಲ ಕೂಡ ಕೇಳಲಿಲ್ಲ.

"ದಾಕ್ಷಿ, ಲಗೂನ ಬಾ. ಬರೂಮುಂದ ನಿಮ್ಮ ಅತ್ತಿಯವರನ್ನೂ ಕರಕೊಂಡ ಬಾ, ಅವರೂ ಬಣ್ಣ ಹಾಕತಾರಲ್ಲ."

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಒಂಬತ್ತು ಜನ. ಎಲ್ಲರೂ ಬಣ್ಣದ ಮನೆಯವರು, ಎಲ್ಲರ ತುಟಿಯೂ ಅದೇ ಸೀಸದ ಬಣ್ಣ. ಜುಬೇದಾ ಶಾವಂತ್ರವ್ವನ ತೋಳಿನಿಂದ ಒಂದು ಸೂಜಿ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟಳು. ಹನಿ ಕೆಂಪಗಿರಲಿಲ್ಲ. ಬೆಲ್ಲದ ಪಾಕದಂತೆ ಕಂದಾಗಿ ಕುಳಿತಿತ್ತು. ಗಾಳಿಗೆ ಇಟ್ಟರೂ ಕೆಂಪಾಗಲಿಲ್ಲ.

"ರಕ್ತ ಕಡಿಮಿ ಆಗಿಲ್ಲ," ಎಂದಳು ಜುಬೇದಾ, ಗೆಳತಿಯನ್ನು ಹೊರಗೆ ಕರೆದು. "ರಕ್ತದಾಗಿನ ಕಬ್ಬಿಣದ ಎಲೆಕ್ಟ್ರಾನ್ ಯಾರೋ ಕಿತಗೊಂಡ ಹೋಗ್ಯಾರ. ಎಲೆಕ್ಟ್ರಾನ್ ಕಳಕೊಂಡ ಕಬ್ಬಿಣ ಉಸರ ಹೊರೂದಿಲ್ಲ. ನಿಮ್ಮ ಅತ್ತಿಗೆ ನೂರಕ್ಕ ಮೂವತ್ತೊಂದು ಪಾಲು ಕೆಟ್ಟೈತಿ. ಆ ಮೂಲ್ಯಾಗ ಮಲಗ್ಯಾರಲ್ಲ, ಅವರಿಗೆ ಐವತ್ತೆಂಟು. ಎಪ್ಪತ್ತು ದಾಟಿದ್ರ ಜೀವ ಉಳಿಯೂದಿಲ್ಲ. ಇದಕ್ಕ ಒಂದು ನೀಲಿ ಮದ್ದು ಐತಿ, ಸೂಜಿ ಹಾಕಿದ್ರ ಎಲೆಕ್ಟ್ರಾನ್ ತಿರುಗಿ ಕೊಡತೈತಿ. ಹಾಕಿದೆ. ಎರಡು ತಾಸು ಚಲೋ ಆದರು. ಕಿಟಕಿ ಬಾಜೂಕ ಮಲಗಿಸಿದಾಕಿ ಮತ್ತ ಕೆಟ್ಟಳು. ಮೂರು ನಮೂನಿ ಆ್ಯಂಟಿಬಯೋಟಿಕ್ ಕೊಟ್ಟೀನಿ, ಏನೂ ಉಪಯೋಗ ಇಲ್ಲ. ದಾಕ್ಷಿ, ಎಲೆಕ್ಟ್ರಾನ್ ಎಳಕೊಳ್ಳೂದು ಏನೈತಿ ಈ ಊರಾಗ?"

ದಾಕ್ಷಾಯಣಿ ರಕ್ತದ ನಳಿಕೆಯನ್ನು ಹಿಡಿದು ಘಟಕದ ಪ್ರಯೋಗಾಲಯಕ್ಕೆ ಬಂದಳು. ಯಾವ ಬಣ್ಣದ ಬೆಳಕನ್ನು ಯಾವ ವಸ್ತು ಹೀರುತ್ತದೆ ಎಂದು ತೋರಿಸುವ ಯಂತ್ರದಲ್ಲಿ ಅದನ್ನಿಟ್ಟಳು. ಗೆರೆ ನಿಧಾನವಾಗಿ ಮೂಡುತ್ತ ಬಂತು. ಕಣ್ಣಿಗೆ ಕಾಣುವ ಕೆಂಪಿನ ಗಡಿ ದಾಟಿ, ಎಂಟುನೂರು ನ್ಯಾನೋಮೀಟರಿನ ಹತ್ತಿರ ಒಂದು ಗುಡ್ಡ, ಎಂಟುನೂರ ಎಪ್ಪತ್ತರ ಹತ್ತಿರ ಇನ್ನೊಂದು. ಆ ಜೋಡಿ ಗುಡ್ಡಗಳು ಅವಳಿಗೆ ಸ್ವಂತ ಸಹಿಯಷ್ಟು ಪರಿಚಿತ. ಅತ್ತೆಯ ರಕ್ತದಲ್ಲಿ ಅವಳ ಕೊಳದ ಜೀವಿ ಇತ್ತು.

ಕುರ್ಚಿಯ ಮೇಲೆ ಕುಸಿದು ಕೂತಾಗ ಅವಳಿಗೆ ತಾನು ಬರೆದ ಸಾಲಿನ ತಪ್ಪು ಹೊಳೆಯಿತು. ದೇಹದೊಳಗೆ ಬೆಳಕಿಲ್ಲ ಎಂದದ್ದು ತನ್ನ ಕಣ್ಣನ್ನು ನಂಬಿ. ಮಕ್ಕಳು ಆಟಕ್ಕೆಂದು ಅಂಗೈಯೊಳಗೆ ಟಾರ್ಚು ಹಿಡಿದರೆ ಬೆರಳೆಲ್ಲ ಕೆಂಪಗೆ ಹೊಳೆಯುತ್ತದೆ. ಕೆಂಪು ಬೆಳಕು ಮಾಂಸ ದಾಟಿ ಬರುತ್ತದೆ. ಕೆಂಪಿನಾಚೆಯ, ನಮಗೆ ಕಾಣದ ಬೆಳಕು ಇನ್ನೂ ಸಲೀಸಾಗಿ ದಾಟುತ್ತದೆ. ಆ ಜೀವಿ ಬದುಕುವುದು ಆ ಬೆಳಕಿನಲ್ಲೇ. ನಟ್ಟ ನಡುಹಗಲಲ್ಲಿ ಚರ್ಮದ ಕೆಳಗೆ ಅದಕ್ಕೆ ಬೆಳದಿಂಗಳಿಗಿಂತ ಹೆಚ್ಚು ಬೆಳಕು. ಬಣ್ಣದ ನೀರಿಗೆ ಬಿರಿದ ಕೈಗಳಿಂದ ಒಳಹೊಕ್ಕಿದೆ. ದೇಹದ ಕಾವಲು ಕಣಗಳು ಅದನ್ನು ಗುರುತಿಸಿಲ್ಲ. ಹೊರಗೆ ಎಲೆಕ್ಟ್ರಾನು ಕೊಡಲೆಂದು ಇಟ್ಟ ಬಾಗಿಲಿನಿಂದಲೇ ಒಳಗೆ ಎಳೆದುಕೊಳ್ಳಲು ಕಲಿತಿದೆ. ಕೊಳದಲ್ಲಿ ಲೋಹದ ಫಲಕದಿಂದ, ಮನುಷ್ಯರಲ್ಲಿ ರಕ್ತದ ಕಬ್ಬಿಣದಿಂದ.

ಅವಳು ಓಡುತ್ತ ಕೊಳದ ದಂಡೆಗೆ ಹೋದಳು. ಪ್ರತಿ ಕೊಳದ ತಲೆಯಲ್ಲಿ ದುರಸ್ತಿಯ ದಿನ ಹೊದಿಸಲೆಂದು ಸುತ್ತಿಟ್ಟ ದಪ್ಪ ಕಪ್ಪು ತಾಡಪಾಲು ಇತ್ತು. ಒಂದನೆಯದರ ಹಗ್ಗ ಬಿಚ್ಚಿ ಎಳೆಯತೊಡಗಿದಳು. ಸಾರವಾಡ ಹಿಂದಿನಿಂದ ಬಂದರು.

"ಏನ್ ಮಾಡಾಕತ್ತೀರಿ ಮೇಡಂ? ಆರು ಸಾವಿರ ಮಗ್ಗ ನಿಲ್ತಾವು! ಮ್ಯಾಲಿನವರನ್ನ ಕೇಳದ..."

"ಕೇಳ್ರಿ ಸರ್. ನೀವು ಕೇಳೂತನಕ ನಾ ಮುಚ್ಚತೀನಿ."

"ಒಂದು ವಾರ ಕೊಡ್ರಿ. ನಾ ಏನರ ದಾರಿ ಹುಡುಕತೀನಿ."

"ನಿಮ್ಮ ತೋಳು ತೋರಸ್ರಿ."

ಯಾಕೆ ಹಾಗೆ ಕೇಳಿದಳೋ ಅವಳಿಗೇ ತಿಳಿಯಲಿಲ್ಲ. ನಿನ್ನೆಯ ಸೆಕೆಯಲ್ಲೂ ತೊಟ್ಟ ತುಂಬುತೋಳಿನ ಅಂಗಿ ಕಣ್ಣಿಗೆ ಕಟ್ಟಿತ್ತೇನೋ. ಸಾರವಾಡ ಹಿಂದೆ ಸರಿದರು. ಆಮೇಲೆ ಗುಂಡಿ ಬಿಚ್ಚಿ ತೋಳು ಮಡಚಿದರು. ಕೆನ್ನೇರಳೆ ಗೆರೆಗಳು ಮೊಣಕೈ ದಾಟಿ ಮೇಲೇರಿದ್ದವು; ತೆಳ್ಳನೆಯ ಅಂಗಿ ಆ ಕಾಣದ ಬೆಳಕನ್ನು ತಡೆದಿರಲಿಲ್ಲ.

"ಹತ್ತು ದಿನಾತು," ಎಂದರು ಅವರು. "ಅಂಜಿಕಿ ಆತ್ರಿ ದಾಕ್ಷಾಯಣಿ. ಯಾರ ಮುಂದ ಹೇಳಲಿ? ನಾ ಮಾಡಿದ್ದು ನನ್ನ ಮೈಯಾಗ ಐತಿ ಅಂತ ಹೆಂಗ ಹೇಳಲಿ?"

ಅವರು ತಾಡಪಾಲಿನ ಇನ್ನೊಂದು ಮೂಲೆ ಹಿಡಿದರು. ಇಬ್ಬರೂ ಸೇರಿ ಐದೂ ಕೊಳಗಳನ್ನು ಮುಚ್ಚುವಷ್ಟರಲ್ಲಿ ಒಂದು ತಾಸು ಹಿಡಿಯಿತು. ಊರಿನ ಕಡೆಯಿಂದ ಬರುತ್ತಿದ್ದ ಮಗ್ಗಗಳ ಸದ್ದು ಓಣಿಯಿಂದ ಓಣಿಗೆ ನಿಂತುಹೋಯಿತು. ಒಂದೂ ಮಗ್ಗ ಆಡದ ಅಗಸಿಹಾಳವನ್ನು ದಾಕ್ಷಾಯಣಿ ಐದು ವರ್ಷದಿಂದ ಕೇಳಿರಲಿಲ್ಲ.

ಪ್ರಯೋಗಾಲಯಕ್ಕೆ ಮರಳಿ ಅವಳು ಕೆಂಪಿನಾಚೆಯ ಬೆಳಕನ್ನು ಕಾಣುವ ಕ್ಯಾಮೆರಾದ ಕೆಳಗೆ ತನ್ನ ಸ್ವಂತ ಕೈ ಇಟ್ಟಳು. ಬರಿಗಣ್ಣಿಗೆ ಚರ್ಮ ಸ್ವಚ್ಛವಾಗಿತ್ತು. ಪರದೆಯ ಮೇಲೆ ಮಾತ್ರ ಮಣಿಕಟ್ಟಿನಿಂದ ಮೂರು ಕಪ್ಪು ಎಳೆಗಳು, ಈಗತಾನೇ ಮೊಳೆತ ಬೇರಿನಷ್ಟು ಸಣ್ಣವು, ಮೇಲಕ್ಕೆ ಹೊರಟಿದ್ದವು.

ಜುಬೇದಾ ಘಟಕಕ್ಕೇ ಬಂದಳು. ಬಂದವಳ ಮೊದಲ ಮಾತೇ ಮದ್ದಿನದು.

"ಇದರ ಎಲೆಕ್ಟ್ರಾನ್ ಸುತ್ತು ನಿಲ್ಲಸಾಕ ನಿಮ್ಮ ಕಡೆ ಏನೂ ಇಲ್ಲೇನು?"

"ಐತಿ. ಫ್ರಿಜ್ಜಿನ್ಯಾಗ ಐತಿ. ಬಿ-ಸಿ-ಒಂದು ಕೂಟದೊಳಗ ಹೋಗಿ ಸಿಗಿಬೀಳತೈತಿ, ಸುತ್ತು ಅಲ್ಲೇ ನಿಲ್ಲತೈತಿ."

"ಮತ್ತ?"

"ಅದ ಕೂಟ ನಮ್ಮ ಒಳಗೂ ಐತಿ, ಜುಬೇದಾ. ನಮ್ಮ ಪ್ರತಿಯೊಂದು ಜೀವಕೋಶದಾಗೂ. ನಾವು ಉಸರಾಡೂದು ಅದರಿಂದನ. ನೂರು ಕೋಟಿ ವರ್ಷಕ್ಕಿಂತ ಹಿಂದ ಈ ಜೀವಿಗಳ ಬಳಗದ್ದೊಂದು ನಮ್ಮ ಹಿರೀಕರ ಜೀವಕೋಶದೊಳಗ ಹೊಕ್ಕು ಅಲ್ಲೇ ಉಳೀತು. ಅದಕ್ಕ ತಗಲೂ ವಿಷ ನಮಗೂ ತಗಲತೈತಿ. ಅದನ್ನ ಕೊಲ್ಲೂ ಪ್ರಮಾಣ ಮನಷ್ಯಾರನ್ನೂ ಕೊಲ್ಲತೈತಿ."

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಸಾರವಾಡ ಫ್ರಿಜ್ಜಿನ ಕಡೆ ನೋಡಿದರು.

ಉಳಿದದ್ದು ಕತ್ತಲೆ. ದಾಕ್ಷಾಯಣಿಯ ಹಳೆಯ ಪ್ರಯೋಗದ ದಾಖಲೆ ಇತ್ತು: ಬೆಳಕಿಲ್ಲದ ಸೀಸೆಯಲ್ಲಿ ಹದಿನಾಲ್ಕನೆಯ ದಿನ ಹತ್ತು ಲಕ್ಷಕ್ಕೆ ಒಂದು ಜೀವಿ ಉಳಿದಿತ್ತು, ಹದಿನೇಳನೆಯ ದಿನ ಒಂದೂ ಇರಲಿಲ್ಲ. ಹದಿನೆಂಟು ದಿನ ಎಂದು ಜುಬೇದಾ ತೀರ್ಮಾನಿಸಿದಳು. ಬರೀ ಕಣ್ಣಿಗೆ ಕತ್ತಲಾದರೆ ಸಾಲದು. ತೆಳ್ಳನೆಯ ಪರದೆ, ತಗಡಿನ ಸಂದು, ಒಲೆಯ ಕೆಂಡ, ಬೀಡಿಯ ತುದಿ, ಎಲ್ಲದರಿಂದಲೂ ಆ ಕಾಣದ ಬೆಳಕು ಸೋರುತ್ತದೆ.

ಊರಿನ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಈಗ ಉಪಯೋಗಕ್ಕೆ ಬಂದವು. ಎರಡು ಮೊಳ ದಪ್ಪದ ಗೋಡೆ, ನಡುಮನೆಯ ಹಿಂದೆ ಕಿಟಕಿಯಿಲ್ಲದ ಒಳಕೋಣೆ, ಮೇಲೆ ಒಂದೇ ಒಂದು ಬೆಳಕಿಂಡಿ. ಜನ ಬೆಳಕಿಂಡಿಗೆ ಮಣ್ಣು ಮೆತ್ತಿದರು, ಬಾಗಿಲಿಗೆ ಒಂದರ ಹಿಂದೊಂದು ಮೂರು ಕಂಬಳಿ ಕಟ್ಟಿದರು. ಜುಬೇದಾ ಘಟಕದ ಸಂವೇದಕ ಹಿಡಿದು ಮನೆ ಮನೆ ತಿರುಗಿ, ಸೊನ್ನೆ ತೋರಿಸುವತನಕ ಸಂದುಗಳನ್ನು ಮುಚ್ಚಿಸಿದಳು. ಮೊದಲ ದಿನವೇ ಮೂವತ್ತೇಳು ಜನ ಕತ್ತಲೆ ಹೊಕ್ಕರು. ಗಂಡ ಬೇಕೆಂದು ಅತ್ತವರು, ತಾನು ಚೆನ್ನಾಗಿದ್ದೇನೆಂದು ಹಟ ಹಿಡಿದವರು, ಜೀವಂತ ಹೂಳುತ್ತಾರೆಂದು ಕೂಗಿದವರು. ಮಗ್ಗ ನಿಂತ ಗಂಡಸರು ಘಟಕದ ಗೇಟಿಗೆ ಹೋಗಿ ಕಲ್ಲೆಸೆದರು. ಆಮೇಲೆ ತಮ್ಮ ಮನೆಯ ಬಾಗಿಲಲ್ಲೇ ಕಾವಲು ಕೂತರು.

ಚನಮಲ್ಲ ತನ್ನ ತಾಯಿಯನ್ನೂ ಹೆಂಡತಿಯನ್ನೂ ಒಂದೇ ಕೋಣೆಗೆ ಬಿಟ್ಟ. ನೀರಿನ ಕೊಡ, ಹಾಸಿಗೆ, ಮೂಲೆಯಲ್ಲಿ ಬಕೆಟ್ಟು ಇಟ್ಟ. ಬಾಗಿಲು ಎಳೆಯುವ ಮುಂಚೆ ಹೆಂಡತಿಯ ಕೈ ಹಿಡಿದುಕೊಂಡು ನಿಂತ.

"ನಾ ಹೊರಗ ಇರತೀನಿ ದಾಕ್ಷಿ. ಕರದ್ರ ಓ ಅಂತೀನಿ."

"ನಮ್ಮನ್ನ ಮಾತ್ರ ಹೊರಗ ಬಿಡಬ್ಯಾಡ್ರಿ. ನಾ ಬೇಡಿಕೊಂಡ್ರೂ ಬಿಡಬ್ಯಾಡ್ರಿ."

ಅಗುಳಿ ಒಳಗಿನಿಂದ ಬಿತ್ತು. ಕತ್ತಲೆ ಎಂದರೆ ಏನೆಂದು ದಾಕ್ಷಾಯಣಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಎರಡನೆಯ ದಿನಕ್ಕೆ ಅವಳಿಗೆ ಕೋಣೆಯ ಗೋಡೆಗಳು ಹತ್ತಿರ ಬಂದಂತೆ ಅನಿಸತೊಡಗಿತು. ಕೈ ಚಾಚಿ ಮುಟ್ಟಿ ನೋಡುತ್ತಿದ್ದಳು. ತನ್ನ ಮಣಿಕಟ್ಟಿನೊಳಗೆ ಏನೋ ಹರಿದಾಡಿದಂತೆ ಅನಿಸಿ ಚರ್ಮ ಕೆರೆದು ಗಾಯ ಮಾಡಿಕೊಂಡಳು. ಚನಮಲ್ಲ ಕಂಬಳಿಗಳ ನಡುವೆ ರೊಟ್ಟಿಯ ಗಂಟು ತಂದಿಟ್ಟು, ತಾನು ಹೊರಗೆ ಹೋಗಿ, ಕಂಬಳಿ ಬಿಗಿದ ಮೇಲೆ ಕೂಗುತ್ತಿದ್ದ. ಆಗ ಮಾತ್ರ ಇವರು ಬಾಗಿಲು ಸರಿಸಿ ಗಂಟು ಎಳೆದುಕೊಳ್ಳುತ್ತಿದ್ದರು.

ಮೂರನೆಯ ದಿನ ರೊಟ್ಟಿಯ ಜೊತೆ ಸುದ್ದಿ ಬಂತು. ಕಂಬಳಿಯಾಚೆ ಜುಬೇದಾ ನಿಂತಿದ್ದಳು.

"ಸಾರವಾಡ ಸರ್ ಹೋದ್ರು, ದಾಕ್ಷಿ. ಕತ್ತಲಕೋಣಿಗೆ ಬರತೀನಿ ಅಂದವರು ಬರಲಿಲ್ಲ. ಆ ಫ್ರಿಜ್ಜಿನ ಮದ್ದು ಸ್ವಲ್ಪ ತಗೊಂಡ್ರ ಸಾಕು, ಅದಷ್ಟ ಸಾಯತೈತಿ ಅಂತ ತಿಳಕೊಂಡಿದ್ರು. ಆಕ್ಸಿಜನ್ ಹಚ್ಚಿದೆ, ರಕ್ತ ಕೊಟ್ಟೆ. ಮೈಯಾಗ ಉಸರು ತುಂಬಿತ್ತು, ಅದನ್ನ ಬಳಸೂ ಶಕ್ತಿನ ಉಳಿದಿರಲಿಲ್ಲ."

ದಾಕ್ಷಾಯಣಿ ಗೋಡೆಗೆ ಒರಗಿ ಕೂತಳು. ಹದಿನೈದು ವರ್ಷ ಪಕ್ಕದ ಕೋಣೆಯಲ್ಲಿದ್ದ ಮನುಷ್ಯ. ಅಳು ಬರಲಿಲ್ಲ, ಬರೀ ಹೆದರಿಕೆ. ಆ ಫ್ರಿಜ್ಜಿಗೆ ಬೀಗ ಹಾಕಬೇಕೆಂದು ತನಗೆ ಯಾಕೆ ಹೊಳೆಯಲಿಲ್ಲ? ಇನ್ನೂ ಏನೇನು ಹೊಳೆದಿಲ್ಲ?

ನಾಲ್ಕನೆಯ ದಿನ ನಿದ್ದೆಯಿಂದ ಎಚ್ಚರವಾದಾಗ ಅವಳಿಗೆ ಎದುರಿನ ಗೋಡೆ ಕಂಡಿತು.

ಒಂದು ಕ್ಷಣ ಸಂತೋಷವಾಯಿತು. ಮರುಕ್ಷಣ ಚೀರಿದಳು. ಮೂಲೆಯಲ್ಲಿ ಶಾವಂತ್ರವ್ವ ಒಂದು ಸಣ್ಣ ಹಣತೆ ಹಚ್ಚಿಕೊಂಡು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಳು. ಹಳದಿ ಬೆಳಕಿನಲ್ಲಿ ಆ ತೋಳಿನ ಗೆರೆಗಳೆಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ದಾಕ್ಷಾಯಣಿ ಹಾರಿಬಿದ್ದು ಬರಿಗೈಯಿಂದ ಕುಡಿಯನ್ನು ಹೊಸಕಿದಳು. ಅಂಗೈ ಸುಟ್ಟಿತು. ಕತ್ತಲೆ ಮತ್ತೆ ಮುಚ್ಚಿಕೊಂಡಿತು.

"ಎಷ್ಟೊತ್ತಾತ್ರಿ ಹಚ್ಚಿ? ಎಷ್ಟೊತ್ತಾತು?"

"ಪೂಜಾ ಮುಗಿಯೂವಷ್ಟು." ಮುದುಕಿಯ ದನಿ ಎಲ್ಲಿಂದಲೋ ಬಂತು. "ಸೆರಗಿನ್ಯಾಗ ಕಟಗೊಂಡ ಬಂದಿದ್ದೆ. ನನಗ ಅಂಜಿಕಿ ಬಂತವಾ. ಕಣ್ಣು ಹೋಗ್ಯಾವೇನೋ ಅನ್ನಿಸಿತು. ಸತ್ತೀನೇನೋ ಅನ್ನಿಸಿತು. ಒಂದ ಸಲ ನೋಡೂಣು ಅಂದೆ."

ದಾಕ್ಷಾಯಣಿ ಅವಳನ್ನು ತಡಕಾಡಿ ಹುಡುಕಿ, ಭುಜ ಹಿಡಿದು ಅಲುಗಿಸಬೇಕೆಂದುಕೊಂಡವಳು, ಹಿಡಿದಾಗ ಆ ಭುಜ ಹಕ್ಕಿಯಂತೆ ನಡುಗುತ್ತಿರುವುದು ತಿಳಿದು ಅಪ್ಪಿಕೊಂಡಳು.

"ಮತ್ತ ಒಂದರಿಂದ ಎಣಸಬೇಕ್ರಿ ಅತ್ತಿ. ನಾಲ್ಕು ದಿನ ಹೋದವು."

ಆಮೇಲೆ, ಮುಖ ಕಾಣದ ಧೈರ್ಯದಲ್ಲಿ, ದಾಕ್ಷಾಯಣಿ ಹೇಳಿದಳು.

"ಮೈಯೊಳಗ ಬೆಳಕಿಲ್ಲ, ಅಪಾಯ ಇಲ್ಲ ಅಂತ ಕಾಗದದ ಮ್ಯಾಲ ಬರದಾಕಿ ನಾನರಿ. ಆ ಕಾಗದ ನೋಡೇ ನಿಮಗ ಆ ನೀರು ಕೊಟ್ಟರು. ನಿಮ್ಮ ಮೈಯಾಗ ಇದನ್ನ ಇಟ್ಟಾಕಿ ನಾನು."

ಮುದುಕಿ ಸೊಸೆಯ ಸುಟ್ಟ ಕೈಯನ್ನು ತಡಕಿ ಹಿಡಿದಳು.

"ನಂಗ ಸಿಟ್ಟು ಬಂದೈತಿ," ಎಂದಳು ಶಾವಂತ್ರವ್ವ. "ಸುಳ್ಳ್ಯಾಕ ಹೇಳಲಿ. ಹೊರಗ ಹೋದ ಮ್ಯಾಲ ಬೈತೀನಿ ನಿನಗ, ಓಣಿ ಮಂದಿ ಕೇಳೂವಂಗ ಬೈತೀನಿ. ಈಗ ಕೈ ಬಿಡಬ್ಯಾಡ."

ದಿನಗಳು ರೊಟ್ಟಿಯ ಗಂಟಿನ ಲೆಕ್ಕದಲ್ಲಿ ಸರಿದವು. ಮಧ್ಯಾಹ್ನದ ಉಸಿರುಗಟ್ಟುವಿಕೆ ಕಡಿಮೆಯಾಯಿತು. ಜುಬೇದಾ ಕಂಬಳಿಗಳ ನಡುವಿನ ಕತ್ತಲಲ್ಲೇ ಬೆರಳು ಚುಚ್ಚಿ ರಕ್ತ ಒಯ್ಯುತ್ತಿದ್ದಳು. ಅತ್ತೆಯ ಕೆಟ್ಟ ರಕ್ತ ನೂರಕ್ಕೆ ಹನ್ನೆರಡು, ಆಮೇಲೆ ಐದು, ಆಮೇಲೆ ಒಂದು. ಒಂದು ಎಂದರೆ ಎಲ್ಲ ಮನುಷ್ಯರಲ್ಲೂ ಇರುವಷ್ಟು. ಆದರೆ ಹತ್ತು ಲಕ್ಷಕ್ಕೆ ಒಂದು ಜೀವಿ ಉಳಿದಿದ್ದರೂ ಯಾವ ಯಂತ್ರಕ್ಕೂ ಅದು ಕಾಣದು. ಬಿಸಿಲಿಗೆ ಬಂದ ಮೇಲೆಯೇ ಗೊತ್ತಾಗಬೇಕು. ಒಳಗೇ ಮಲಗಿದ್ದ ಜೀವಿ ಒಮ್ಮೆಲೇ ಎದ್ದರೆ, ಜುಬೇದಾ ಕಂಡ ಒಬ್ಬ ಹೆಂಗಸಿಗೆ ಆದಂತೆ, ಮೂರು ತಾಸಿನಲ್ಲಿ ಎಪ್ಪತ್ತು ಮುಟ್ಟಬಹುದು. ಆ ಹೆಂಗಸು ಐದನೆಯ ದಿನ ಜಗಳ ಮಾಡಿ ಹೊರಗೆ ಓಡಿದ್ದಳು. ಮೂರು ತಾಸಿನ ಮೇಲೆ ಬಾವಿಯ ಕಟ್ಟೆಯ ಬಳಿ ಸತ್ತುಬಿದ್ದಿದ್ದಳು.

ಆ ಸುದ್ದಿ ಎಲ್ಲ ಕೋಣೆಗಳಿಗೂ ಮುಟ್ಟಿತ್ತು. ಹಾಗಾಗಿ ಹದಿನೆಂಟನೆಯ ದಿನ ಮುಗಿದು ಜುಬೇದಾ ಬಂದು ಕರೆದಾಗ, ದಿನ ತುಂಬಿದ ಮೂವತ್ತನಾಲ್ಕು ಜನರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಹೊರಗೆ ಬಿಡಿರೆಂದು ಬೇಡಿ ಬೇಡಿ ಅತ್ತವರೇ ಈಗ ಒಳಗಿನಿಂದ ಅಗುಳಿ ಬಿಗಿದು ಕೂತಿದ್ದರು.

"ಮೊದಲ ಬ್ಯಾರೆಯವರು ಬರಲಿ ಅಂತಾರ," ಎಂದಳು ಜುಬೇದಾ ಕಂಬಳಿಯಾಚೆಯಿಂದ. ಸೋತುಹೋಗಿದ್ದಳು. "ಎಲ್ಲಾರೂ ಅದ ಮಾತು."

"ನಾ ಬರತೀನಿ," ಎಂದಳು ಶಾವಂತ್ರವ್ವ.

ದಾಕ್ಷಾಯಣಿ ತಿರುಗಿದಳು. "ಅತ್ತಿ, ನಮ್ಮದು ಇನ್ನೂ ಹದಿನಾಲ್ಕನೇ ದಿನ. ನಾಲ್ಕು ದಿನ ಬಾಕಿ ಐತಿ."

"ಅದಕ್ಕ ಹೇಳಾಕತ್ತೀನಿ. ಊರಾಗ ಎಲ್ಲಾರಿಗಿಂತ ಕಡಿಮಿ ದಿನ ಕತ್ತಲಾಗ ಇದ್ದಾಕಿ ನಾನ. ನನಗ ಏನೂ ಆಗಲಿಲ್ಲ ಅಂದ್ರ ಯಾರಿಗೂ ಏನೂ ಆಗೂದಿಲ್ಲ. ಹೌದಿಲ್ಲೋ?"

ಅದಕ್ಕಿಂತ ಚೆನ್ನಾಗಿ ಯಾವ ವಿಜ್ಞಾನಿಯೂ ಹೇಳಲಾರ. ದಾಕ್ಷಾಯಣಿ ತಡಕಾಡಿ ಅವಳ ಸೆರಗು ಹಿಡಿದಳು. "ಹಂಗಾರ ನಾ ಹೋಗತೀನಿ. ನನ್ನದೂ ಹದಿನಾಲ್ಕ ದಿನ."

"ನಿನ್ನ ಮೈಯಾಗ ಮೂರು ಎಳಿ ಅಷ್ಟ ಇದ್ದವು ಅಂತ ನೀನ ಹೇಳಿದಿ. ನೀ ಬದುಕಿದ್ರ ಯಾರು ನಂಬತಾರ? ದೀಪಾ ಹಚ್ಚಿದಾಕಿ ನಾನು. ಸರಿ ಅತ್ತ."

ಮುದುಕಿ ಕುಪ್ಪಸದ ತೋಳನ್ನು ಭುಜದವರೆಗೆ ಮಡಚಿದ ಸದ್ದು ಕೇಳಿಸಿತು. ಕಂಬಳಿಗಳ ನಡುವೆ ನುಸುಳಿ ಹೋದಳು. ದಾಕ್ಷಾಯಣಿ ಬಾಗಿಲು ಹಾಕಿ, ಅಗುಳಿ ಬಿಗಿದು, ಕಿವಿಯನ್ನು ಮರಕ್ಕೆ ಒತ್ತಿ ನಿಂತಳು.

ಬೆಳಗಿನ ಒಂಬತ್ತು ಗಂಟೆ ಎಂದು ಚನಮಲ್ಲ ಕೂಗಿ ಹೇಳಿದ. ಅಂಗಳದ ನಟ್ಟನಡುವೆ, ನೂಲು ಹರವುವ ಜಾಗದಲ್ಲಿ, ಅವ್ವ ಕುಳಿತಿದ್ದಾಳೆ ಎಂದ. ಅರ್ಧ ತಾಸಿಗೊಮ್ಮೆ ಜುಬೇದಾ ಬಿಳಿ ಕಾಗದದ ಮೇಲೆ ಒಂದು ಹನಿ ರಕ್ತ ಬಿಡುವುದು, ಅವನು ಬಣ್ಣ ಕೂಗುವುದು.

"ಕೆಂಪು!"

ಹತ್ತು ಗಂಟೆ. "ಕೆಂಪು!"

ಹನ್ನೊಂದು. "ಕೆಂಪು ಐತಿ, ದಾಕ್ಷಿ!"

ಹನ್ನೊಂದೂವರೆಗೆ ಕೂಗು ತಡವಾಗಿ ಬಂತು. "ಕೆಂಪು... ಸ್ವಲ್ಪ ದಟ್ಟ ಐತಿ. ಮತ್ತ ನೋಡತಾರಂತ." ದಾಕ್ಷಾಯಣಿ ಕಿವಿಯನ್ನು ಬಾಗಿಲಿಗೆ ಇನ್ನೂ ಬಿಗಿಯಾಗಿ ಒತ್ತಿದಳು. ಆಮೇಲೆ ಜುಬೇದಾಳ ದನಿ: "ಒಂದ ಐತಿ. ಯಂತ್ರದಾಗ ಒಂದ ಐತಿ, ಅಂಜಬ್ಯಾಡ."

ಹನ್ನೆರಡು. ಕೆಂಪು. ಹನ್ನೆರಡೂವರೆ. ಕೆಂಪು.

ಒಂದು ಗಂಟೆಗೆ ಕೂಗು ಬರಲಿಲ್ಲ.

ಅವಳು ಕಾದಳು. ನೂರು ಎಣಿಸಿದಳು, ಮತ್ತೆ ನೂರು ಎಣಿಸಿದಳು. "ಏನ್ರೀ!" ಎಂದು ಕರೆದಳು. ಓ ಎನ್ನುತ್ತೇನೆಂದಿದ್ದ ಗಂಡ ಓ ಎನ್ನಲಿಲ್ಲ. ಅಂಗಳದಲ್ಲಿ ಯಾರ ಸದ್ದೂ ಇರಲಿಲ್ಲ. ಬಾವಿಯ ಕಟ್ಟೆಯ ಬಳಿ ಸತ್ತುಬಿದ್ದ ಆ ಹೆಂಗಸಿನ ನೆನಪಾಯಿತು. ಅಗುಳಿಯ ಮೇಲೆ ಅವಳ ಕೈ ತಾನಾಗಿ ಹೋಗಿ ಕೂತಿತು. ತೆಗೆದರೆ ಬಿಸಿಲು. ತನ್ನ ಮೈಯ ಎಳೆಗಳ ಗತಿ ಏನೆಂದು ಗೊತ್ತಿಲ್ಲ. ತೆಗೆಯದಿದ್ದರೆ ಅತ್ತೆ ಅಲ್ಲಿ ಒಬ್ಬಳೇ ಬಿದ್ದಿದ್ದಾಳು. ಬೆವರಿದ ಕೈ ಕಬ್ಬಿಣದ ಮೇಲೆ ಜಾರಿತು.

ಆಗ ದೂರದಿಂದ, ಓಣಿಯ ಆ ಕೊನೆಯಿಂದ, ಒಂದು ದನಿ ಕೇಳಿಸಿತು. ಒರಟು, ಗಟ್ಟಿ ದನಿ. ಯಾರದೋ ಮನೆಯ ಬಾಗಿಲು ಬಡಿಯುತ್ತಿತ್ತು.

"ಏ ಗುರಸಿದ್ದವ್ವಾ! ನಾ ಶಾವಂತ್ರಿ! ಬಿಸಲಾಗ ನಿಂತೀನಿ, ಬರೇ ತೋಳಿಲೆ ನಿಂತೀನಿ! ನಾಲ್ಕು ತಾಸಾತು, ಜೀವಂತ ಅದೀನಿ! ಹೊರಗ ಬಾ!"

ಇನ್ನೊಂದು ಬಾಗಿಲು. "ಫಕೀರಪ್ಪಾ! ನಾ ಬದುಕೀನಿ ನೋಡ!"

ಅವಳ ಹಿಂದೆ "ಅವ್ವಾ, ನಿಂದ್ರಬೇ, ಡಾಕ್ಟರ್ ಕರಿಯಾಕತ್ತಾರ," ಎಂದು ಏದುಸಿರು ಬಿಡುತ್ತ ಓಡುವ ಚನಮಲ್ಲನ ದನಿ. ಮುದುಕಿ ನಿಲ್ಲಲಿಲ್ಲ. ಮನೆಯಿಂದ ಮನೆಗೆ, ಕತ್ತಲಕೋಣೆಯಿಂದ ಕತ್ತಲಕೋಣೆಗೆ, ಒಂದು ಬಾಗಿಲನ್ನೂ ಬಿಡದೆ ಬಡಿಯುತ್ತ ಹೋದಳು. ಎಲ್ಲೋ ಒಂದು ಅಗುಳಿ ಸರಿದ ಸದ್ದಾಯಿತು. ಆಮೇಲೆ ಇನ್ನೊಂದು. ಯಾರೋ ಬೆಳಕಿಗೆ ಕಣ್ಣು ಕೊಡಲಾರದೆ ಜೋರಾಗಿ ಅತ್ತರು.

ದನಿ ತಿರುಗಿ ಹತ್ತಿರ ಹತ್ತಿರ ಬಂತು. ಕೊನೆಗೆ ಇದೇ ಬಾಗಿಲಾಚೆ ನಿಂತಿತು. ಉಸಿರು ಜೋರಾಗಿತ್ತು, ಆದರೆ ಅದು ನಡೆದು ದಣಿದ ಮನುಷ್ಯರ ಉಸಿರು.

"ದಾಕ್ಷಾಣಿ."

"ಅತ್ತಿ."

"ನಿಂಗ ಇನ್ನ ನಾಕ ದಿನ ಐತಿ. ಮುಗಿಸ್ಕೊಂಡ ಬಾ. ಅವಸರ ಮಾಡಬ್ಯಾಡ." ಕಂಬಳಿಯಾಚೆ ನೆಲಕ್ಕೆ ಕುಳಿತ ಸದ್ದಾಯಿತು. "ನಾ ಇಲ್ಲೇ ಕುಂತೀನಿ."

ದಾಕ್ಷಾಯಣಿ ಅಗುಳಿಯ ಮೇಲಿನ ಕೈ ತೆಗೆದಳು. ಬಾಗಿಲಿಗೆ ಬೆನ್ನು ಕೊಟ್ಟು, ಆಚೆ ಅತ್ತೆಯ ಬೆನ್ನು ಎಲ್ಲಿರಬಹುದೆಂದು ಅಂದಾಜು ಮಾಡಿ, ಅದೇ ಎತ್ತರಕ್ಕೆ ಒರಗಿ ಕೂತಳು. ಇಪ್ಪತ್ತು ದಿನದಲ್ಲಿ ಮೊದಲ ಸಲ ಗೊಳೋ ಎಂದು ಅತ್ತಳು. ಆಚೆಯಿಂದ ಬೈಗುಳ ಶುರುವಾಯಿತು. ಓಣಿಯ ಮಂದಿ ಕೇಳುವಷ್ಟು ದೊಡ್ಡದಾಗಿ, ನಿಲ್ಲಿಸದೆ, ಹೊತ್ತು ಮುಳುಗುವವರೆಗೂ.